ಹಳೆಯ ಫ್ಲಮೆಂಕೊ ರೆಕಾರ್ಡುಗಳು, ಹೆಸರಿಲ್ಲದ ಗಿಟಾರುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ಲಮೆಂಕೊ ಅಂದರೆ ಸ್ಪೇನಿನ ದಕ್ಷಿಣದ ಆಂಡಲೂಸಿಯಾ ಸೀಮೆಯ ಹಾಡು-ಗಿಟಾರಿನ ಸಂಗೀತ, ಸಿಗಿರಿಯಾ ಅದರ ಒಂದು ಹಾಡಿನ ಪ್ರಕಾರ. ಹಳೆಯ ಸಿಗಿರಿಯಾವೊಂದನ್ನು ಕೇಳಿ ಬೆರಗಾದವರು ಮೊದಲು ಕೇಳುವುದು, ಹಾಡಿದ್ದು ಯಾರು ಅಂತ. ಗಿಟಾರ್ ಯಾರದು ಅನ್ನುವ ಪ್ರಶ್ನೆ ಸ್ವಲ್ಪ ತಡವಾಗಿ ಬರುತ್ತದೆ, ಬಂದ ಮೇಲೆ ಬಿಡುವುದಿಲ್ಲ. ಅದನ್ನು ಹಿಡಿದು ಹೊರಟವರಿಗಾಗಿ ಈ ಪುಟ. ಮೇಣದ ಸಿಲಿಂಡರಿನ ಕಾಲದಿಂದ 1970ರ ದಶಕದ ಎಲ್‌ಪಿಗಳವರೆಗಿನ ಮಾತು ಇಲ್ಲಿದೆ.

ಗಿಟಾರ್ ನುಡಿಸಿದವರ ಹೆಸರು ಪ್ಲೇಟಿನ ಮೇಲೆ ಯಾಕಿಲ್ಲ?

ಪ್ಲೇಟು ಮಾರಾಟವಾಗುತ್ತಿದ್ದುದು ಹಾಡುಗಾರರ ಹೆಸರಿನಿಂದ, ಅದಕ್ಕೆ. ಲೇಬಲ್ಲಿನಲ್ಲಿ ಹಾಡುಗಾರರ ಹೆಸರು ದಪ್ಪಕ್ಷರದಲ್ಲಿ, ಹಾಡಿನ ಪ್ರಕಾರ ಅದರ ಪಕ್ಕದಲ್ಲಿ, ಕೆಳಗೆಲ್ಲೋ 'ಗಿಟಾರ್ ಸಹಿತ' ಎಂಬರ್ಥದ ಎರಡು ಪದ. ಅಲ್ಲಿಗೆ ಮುಗಿಯಿತು.

ಇದು ಸ್ಪೇನಿನ ಉದಾಸೀನ ಮಾತ್ರ ಅಂದುಕೊಳ್ಳಬೇಡಿ. ಗ್ರಾಮಫೋನ್ ಕಂಪನಿ ಸ್ಪೇನಿನಲ್ಲಿ ಧ್ವನಿಮುದ್ರಣ ಶುರು ಮಾಡಿದ್ದು 1899ರಲ್ಲಿ, ಭಾರತಕ್ಕೆ ಬಂದದ್ದು 1902ರಲ್ಲಿ. ಪಕ್ಕವಾದ್ಯದವರ ವಿಷಯದಲ್ಲಿ ಎರಡೂ ಕಡೆ ಅದರದು ಒಂದೇ ಚಾಳಿ. ಕೊನೆಗಾಲವನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲೇ ತೀರಿಕೊಂಡ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರು ಕೂಗಿ ಹೇಳುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತು. ಆ ಪ್ಲೇಟುಗಳಲ್ಲಿ ಸಾರಂಗಿ ಹಿಡಿದವರು ಯಾರು ಅಂತ ಕೇಳಿ ನೋಡಿ!

ರಮೋನ್ ಮೊಂತೋಯ ಅಂಥ ಗಿಟಾರ್ ವಾದಕರ ಹೆಸರಿಗೆ ತನ್ನದೇ ಬೆಲೆ ಬಂದ ಮೇಲೆ ಲೇಬಲ್ಲಿನಲ್ಲಿ ಗಿಟಾರಿಗೂ ಜಾಗ ಸಿಕ್ಕಿತು. ಹಾಗಾಗಿ ನಿಜವಾದ ಒದ್ದಾಟ 1920ರ ದಶಕದ ನಡುಭಾಗಕ್ಕಿಂತ ಹಿಂದಿನ ಪ್ಲೇಟುಗಳದ್ದು.

ನನ್ನ ಹತ್ತಿರ ಇರುವುದು ಬರೀ ಒಂದು ಎಂಪಿ3. ಎಲ್ಲಿಂದ ಶುರು ಮಾಡಲಿ?

ಗಿಟಾರ್ ವಾದಕರನ್ನು ನೇರವಾಗಿ ಹುಡುಕಲು ಹೋಗಬೇಡಿ. ಮೊದಲು ಆ ಮುದ್ರಣ ಎಂದು, ಎಲ್ಲಿ, ಯಾವ ಕಂಪನಿಗಾಗಿ ನಡೆಯಿತು ಎಂಬುದನ್ನು ಹುಡುಕಿ. ಈ ಕೆಲಸದಲ್ಲಿ ನಾನು ನಂಬಿರುವ ಸೂತ್ರ ಇದೊಂದೇ: ದಿನ ಸಿಕ್ಕರೆ ಮನುಷ್ಯ ಸಿಗುತ್ತಾನೆ.

ಕಾರಣ ಸರಳ. ಕಂಪನಿಯ ತಂತ್ರಜ್ಞ ಮ್ಯಾಡ್ರಿಡ್, ಬಾರ್ಸಿಲೋನಾ ಅಥವಾ ಸೆವಿಯಾಕ್ಕೆ ಬಂದರೆ ಒಂದು ಕೋಣೆ ಗೊತ್ತು ಮಾಡಿ ಕೆಲವು ದಿನ ಕೂರುತ್ತಿದ್ದ. ಹಾಡುಗಾರರು ಒಬ್ಬರಾದ ಮೇಲೆ ಒಬ್ಬರು ಬರುತ್ತಿದ್ದರು, ಗಿಟಾರ್ ಹಿಡಿದವರು ಮಾತ್ರ ಅನೇಕ ಸಲ ಎಲ್ಲರಿಗೂ ಒಬ್ಬರೇ. ಹಾಗಾಗಿ ನಿಮ್ಮ ಪ್ಲೇಟಿನಲ್ಲಿ ಹೆಸರಿಲ್ಲದಿದ್ದರೂ ಅದೇ ದಿನ ಅದೇ ಕೋಣೆಯಲ್ಲಿ ಮುದ್ರಣವಾದ ಇನ್ನೊಂದು ಪ್ಲೇಟಿನಲ್ಲಿ ಹೆಸರು ಇರಬಹುದು.

ಎಂಪಿ3ಯಿಂದ ಆ ದಿನದವರೆಗೆ ಹೋಗಲು ಹಾಡಿನ ಮೊದಲ ಸಾಲನ್ನು ಹಿಡಿಯಿರಿ. ಹಳೆಯ ಫ್ಲಮೆಂಕೊ ಪ್ಲೇಟಿಗೆ ಶೀರ್ಷಿಕೆ ಅಂತ ಇದ್ದದ್ದು ಎರಡೇ: ಹಾಡಿನ ಪ್ರಕಾರ (ಸೊಲೆಯಾ, ಮಲಗೇನ್ಯ, ತಾಂಗೊಸ್ ಹೀಗೆ), ಮತ್ತು ಸಾಹಿತ್ಯದ ಮೊದಲ ಸಾಲು. ಮೊದಲ ಸಾಲು ಮತ್ತು ಹಾಡುಗಾರರ ಹೆಸರನ್ನು ಒಟ್ಟಿಗೆ ಕೊಟ್ಟು ಹುಡುಕಿದರೆ ಪ್ಲೇಟಿನ ಸಂಖ್ಯೆ ಸಿಗುವ ಸಾಧ್ಯತೆ ಚೆನ್ನಾಗಿದೆ. ಬರೀ ಮೊದಲ ಸಾಲು ಸಾಲದು. ಈ ಪದ್ಯಗಳು ಯಾರೊಬ್ಬರ ಸ್ವತ್ತೂ ಅಲ್ಲ, ಒಂದೇ ಪದ್ಯವನ್ನು ಹತ್ತು ಜನ ಹಾಡಿರುತ್ತಾರೆ. ಒಬ್ಬರೇ ಬೇರೆ ಬೇರೆ ಕಂಪನಿಗಳಿಗೆ ಮತ್ತೆ ಮತ್ತೆ ಹಾಡಿರುವುದೂ ಉಂಟು.

ಕಾಗುಣಿತದ ಕಾಟವೂ ಇದೆ. ಸಿಗಿರಿಯಾ, ಸೆಗಿರಿಯಾ, ಸೆಗಿದಿಯಾಸ್ ಗಿತಾನಸ್ ಎಲ್ಲವೂ ಒಂದೇ ಪ್ರಕಾರಕ್ಕೆ ಲೇಬಲ್ಲುಗಳು ಬಳಸಿದ ಹೆಸರುಗಳು. ಸೊಲೆಯಾ ಮತ್ತು ಸೊಲೆಯಾರೆಸ್ ಕೂಡ ಹಾಗೇ. ಎಲ್ಲವನ್ನೂ ಹಾಕಿ ಹುಡುಕಿ. ಜೊತೆಗೆ, ಲೇಬಲ್ಲು ಹೇಳಿದ ಪ್ರಕಾರವೇ ಒಳಗಿದೆ ಎಂಬ ಭರವಸೆ ಬೇಡ.

ಪ್ಲೇಟಿನ ಮೇಲೆ ಎರಡು ಮೂರು ಸಂಖ್ಯೆಗಳಿವೆ. ಯಾವುದು ಮುಖ್ಯ?

ಲೇಬಲ್ಲಿನ ಮೇಲೆ ಎದ್ದು ಕಾಣುವುದು ಕ್ಯಾಟಲಾಗ್ ಸಂಖ್ಯೆ, ಅಂದರೆ ಅಂಗಡಿಯವನಿಗೆ ಬೇಕಾದದ್ದು. ನಿಮಗೆ ಬೇಕಾದದ್ದು ಮ್ಯಾಟ್ರಿಕ್ಸ್ ಸಂಖ್ಯೆ, ಅಂದರೆ ಆ ಮುದ್ರಣದ ಮೂಲ ಅಚ್ಚಿಗೆ ಕೊಟ್ಟ ಸಂಖ್ಯೆ. ಲೇಬಲ್ಲಿನ ಅಂಚಿಗೂ ಕೊನೆಯ ಗೆರೆಗೂ ನಡುವೆ ಇರುವ ನುಣುಪಾದ ಜಾಗದಲ್ಲಿ ಅದನ್ನು ಕೊರೆದಿರುತ್ತಾರೆ. ಕೆಲವು ಕಂಪನಿಗಳು ಲೇಬಲ್ಲಿನಲ್ಲೇ ಸಣ್ಣದಾಗಿ ಅಚ್ಚು ಹಾಕುತ್ತಿದ್ದವು. ಪ್ಲೇಟನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಸಂಖ್ಯೆ ಕಾಣುತ್ತದೆ. ಫೋಟೊ ಮಾತ್ರ ಇದ್ದರೆ ಮಾರುವವರಿಗೆ ಬರೆದು ಆ ಜಾಗದ ಹತ್ತಿರದ ಫೋಟೊ ಕೇಳಿ, ಹೆಚ್ಚಿನವರು ಕಳಿಸುತ್ತಾರೆ.

ಮ್ಯಾಟ್ರಿಕ್ಸ್ ಸಂಖ್ಯೆಯನ್ನು ಸಾಮಾನ್ಯವಾಗಿ ಮುದ್ರಣದ ಸರದಿಯಲ್ಲೇ ಕೊಡುತ್ತಿದ್ದರು. ಕ್ಯಾಟಲಾಗ್ ಸಂಖ್ಯೆಗೆ ಆ ನಿಯತ್ತಿಲ್ಲ. ಒಂದೇ ಮ್ಯಾಟ್ರಿಕ್ಸ್ ಮೂರು ದೇಶಗಳಲ್ಲಿ ಮೂರು ಕ್ಯಾಟಲಾಗ್ ಸಂಖ್ಯೆ ಹೊತ್ತು ಹೊರಬರಬಹುದು, ಬೇರೆ ಬೇರೆ ವರ್ಷದ ಎರಡು ಹಾಡು ಒಂದೇ ಪ್ಲೇಟಿನ ಎರಡು ಮಗ್ಗುಲಲ್ಲಿ ಕೂತಿರಬಹುದು. ಆ ಮಗ್ಗುಲಲ್ಲಿ ಮೊಂತೋಯ ಅಂತ ಇದ್ದ ಮಾತ್ರಕ್ಕೆ ಈ ಮಗ್ಗುಲೂ ಅವರದೇ ಅಂದುಬಿಡಬೇಡಿ.

ಆದರೂ ಕ್ಯಾಟಲಾಗ್ ಸಂಖ್ಯೆ ಪೂರಾ ನಿರುಪಯೋಗಿಯಲ್ಲ. ಗ್ರಾಮಫೋನ್ ಕಂಪನಿಯ ಮೊದಲ ದಶಕಗಳ ಪದ್ಧತಿಯಲ್ಲಿ ಸ್ಪೇನಿಗೆ 60 ಸಾವಿರದ ಸರಣಿ ಮೀಸಲು, ಅದರಲ್ಲಿ 62 ಸಾವಿರ ಗಂಡಸರ ಹಾಡಿಗೆ, 63 ಸಾವಿರ ಹೆಂಗಸರದಕ್ಕೆ. 'ಎಇ' ಅಕ್ಷರಗಳಿಂದ ಶುರುವಾದರೆ ಗ್ರಾಮಫೋನ್ ಕಂಪನಿಯ ಸ್ಪೇನಿನ ಮುಂದಿನ ಸರಣಿ. 'ಆರ್‌ಎಸ್' ಇದ್ದರೆ ಸಾನ್ ಸೆಬಾಸ್ಟಿಯನ್‌ನಿಂದ ಬರುತ್ತಿದ್ದ ರೆಗಾಲ್. ಲೇಬಲ್ಲು ಅರ್ಧ ಹರಿದಿದ್ದರೂ ಇಂಥ ಎರಡು ಅಕ್ಷರ ಉಳಿದಿದ್ದರೆ ದಾರಿ ಸಿಗುತ್ತದೆ.

ಸಂಖ್ಯೆ ಏನೂ ಸಿಗಲಿಲ್ಲ. ಬರೀ ಕಿವಿಯಿಂದ ಕಾಲ ಗುರುತಿಸಬಹುದೇ?

ಒಂದು ಗೆರೆಯನ್ನಂತೂ ಎಳೆಯಬಹುದು: ಮೈಕ್ರೋಫೋನಿಗೆ ಮುಂಚೆ, ಮೈಕ್ರೋಫೋನಿನ ನಂತರ. ಎಲೆಕ್ಟ್ರಿಕ್ ಮುದ್ರಣ ಶುರುವಾದದ್ದು 1925ರಲ್ಲಿ, ನಂತರದ ಒಂದೆರಡು ವರ್ಷಗಳಲ್ಲಿ ಅದು ಸ್ಪೇನಿಗೂ ಬಂತು. ಅದಕ್ಕೆ ಮುಂಚೆ ಹಾಡುಗಾರರು ದೊಡ್ಡ ಕೊಳವೆಯೊಳಗೆ ಹಾಡುತ್ತಿದ್ದರು, ಗಿಟಾರನ್ನೂ ಅದರ ಬಾಯಿಯ ಹತ್ತಿರಕ್ಕೇ ತರಬೇಕಿತ್ತು. ಅಂಥ ಮುದ್ರಣದಲ್ಲಿ ಗಿಟಾರಿನ ಕೆಳ ತಂತಿಗಳು (ಮಂದ್ರ ಸ್ವರದವು) ಇಲ್ಲವೇನೋ ಅನ್ನುವ ಹಾಗೆ ಕೇಳುತ್ತವೆ, ಟಿಕ್ ಟಿಕ್ ಎಂಬ ಒಣ ಸದ್ದು ಮಾತ್ರ ಉಳಿದಿರುತ್ತದೆ. ಮೈಕ್ರೋಫೋನ್ ಬಂದ ಮೇಲೆ ಹೆಬ್ಬೆರಳು ಕೆಳ ತಂತಿಗೆ ಬಿದ್ದದ್ದು, ಉಂಗುರ ಬೆರಳು ಗಿಟಾರಿನ ಹಲಗೆಯ ಮೇಲೆ ತಟ್ಟಿದ್ದು, ಹಾಡುಗಾರರು ಉಸಿರು ಎಳೆದದ್ದು ಎಲ್ಲ ಕೇಳುತ್ತದೆ.

ಮನುವೆಲ್ ತೋರ್ರೆ (1878–1933) ಹಾಡಿದ, ಹಿಂದುಮುಂದಿಲ್ಲದ ಒಂದು ಸಿಗಿರಿಯಾ ನಿಮ್ಮ ಕೈಗೆ ಬಂದಿದೆ ಅನ್ನಿ. ಆಂಡಲೂಸಿಯಾದ ಹೆರೇಸ್ ಊರಿನ ಈ ಮಹಾನುಭಾವ ಮುದ್ರಿಸಿದ್ದು ಕೆಲವೇ ಕಂತುಗಳಲ್ಲಿ. 1909ರಲ್ಲಿ ಓಡಿಯನ್ ಕಂಪನಿಗೆ ಹಾಡಿದಾಗ ಗಿಟಾರ್ ಹಿಡಿದವರು ಹುವಾನ್ ಗಾಂದುಯ್ಯಾ, ಅಡ್ಡಹೆಸರು 'ಆಬಿಚುವೇಲ'. 1922ರಲ್ಲಿ 'ಎಲ್ ಇಹೊ ದೆ ಸಲ್ವದೋರ್', ಅಂದರೆ ಸಲ್ವದೋರನ ಮಗ ಎಂದೇ ಹೆಸರಾದವರು. 1928ರ ಸುಮಾರಿಗೆ ಮಿಗೆಲ್ ಬೊರ್ರುಲ್. 1930ರ ದಶಕದ ಆರಂಭದಲ್ಲಿ, ಕೊನೆಯ ಕಂತಿನಲ್ಲಿ, ತಮ್ಮ ಊರಿನವರೇ ಆದ ಹವಿಯೆರ್ ಮೊಲೀನ.

ಈಗ ಕೇಳಿ. ಗಿಟಾರಿಗೆ ಕೆಳ ತಂತಿಗಳ ತೂಕ ಇದ್ದರೆ ಮೊದಲ ಇಬ್ಬರೂ ಪಟ್ಟಿಯಿಂದ ಹೊರಗೆ. ಉಳಿದದ್ದು ಬೊರ್ರುಲ್ ಅಥವಾ ಮೊಲೀನ. ಬೊರ್ರುಲ್ ಅಂದಾಗ ಇನ್ನೊಂದು ತೊಡಕು: ಮಿಗೆಲ್ ಬೊರ್ರುಲ್ ಎಂಬವರು ಇಬ್ಬರು, ಅಪ್ಪ ಮತ್ತು ಮಗ. ಅಪ್ಪ ತೀರಿಕೊಂಡದ್ದು 1926ರಲ್ಲಿ, ಆದ್ದರಿಂದ 1928ರ ಪ್ಲೇಟಿನಲ್ಲಿ ಇರುವವರು ಮಗನೇ. ಇಷ್ಟಕ್ಕೆ ಒಂದು ಸಂಖ್ಯೆಯೂ ಬೇಕಾಗಲಿಲ್ಲ. ನಾಲ್ವರಿಂದ ಇಬ್ಬರಿಗೆ ಇಳಿದ ಮೇಲೆ ಇಬ್ಬರ ಗೊತ್ತಿರುವ ಪ್ಲೇಟುಗಳನ್ನು ಪಕ್ಕದಲ್ಲಿಟ್ಟು ಕೇಳುವುದು ಒಂದು ಸಂಜೆಯ ಕೆಲಸ.

ವಾದಕರ ಜೀವನದ ವರ್ಷಗಳು ಇದೇ ರೀತಿ ಬೇರೆ ಕಡೆಯೂ ಜರಡಿ ಹಿಡಿಯುತ್ತವೆ. ಗಿಟಾರ್ ವಾದಕ ಸಬೀಕಸ್ 1936ರಲ್ಲಿ ಅಂತರ್ಯುದ್ಧ ಶುರುವಾದಾಗ ಸ್ಪೇನ್ ಬಿಟ್ಟವರು, ಆಮೇಲೆ ಮೆಕ್ಸಿಕೊ, ನ್ಯೂಯಾರ್ಕ್ ಅಂತ ಹೊರಗೇ ಇದ್ದರು. 1940ರ ದಶಕದಲ್ಲಿ ಬಾರ್ಸಿಲೋನಾದಲ್ಲಿ ಮುದ್ರಣವಾದ ಪ್ಲೇಟಿಗೆ ಅವರ ಹೆಸರು ಅಂಟಿಸಿದ್ದರೆ ಹುಬ್ಬೇರಿಸಿ.

ಹಾಡಿನ ನಡುವೆ ಯಾರೋ ಹೆಸರು ಕೂಗುತ್ತಾರಲ್ಲ?

ಕೂಗುತ್ತಾರೆ, ಅದು ಒಳ್ಳೆಯ ಸುಳಿವು. ಮೊದಲ ಕಾಲದ ಸಿಲಿಂಡರು, ಪ್ಲೇಟುಗಳ ಶುರುವಿಗೇ ಹಾಡಿನ ಪ್ರಕಾರ, ಹಾಡುಗಾರರು, ಕಂಪನಿ ಇಷ್ಟನ್ನು ಬಾಯಲ್ಲಿ ಘೋಷಿಸುವ ರೂಢಿ ಇತ್ತು, ಅಪರೂಪಕ್ಕೆ ಗಿಟಾರಿನವರ ಹೆಸರೂ ಸೇರಿರುತ್ತದೆ. ಎಂಪಿ3 ಮಾಡುವವರು ಗದ್ದಲ ಅಂತ ಮೊದಲ ಮೂರು ನಾಲ್ಕು ಸೆಕೆಂಡು ಕತ್ತರಿಸಿರಬಹುದು, ಕತ್ತರಿಸದ ಪ್ರತಿ ಹುಡುಕಿ.

ಹಾಡಿನೊಳಗೆ ಬರುವ 'ಓಲೆ' ಮತ್ತು ಮೆಚ್ಚುಗೆಯ ಕೂಗುಗಳನ್ನು ಮಾತ್ರ ಹುಷಾರಾಗಿ ತೆಗೆದುಕೊಳ್ಳಿ. ಗಿಟಾರಿನ ತುಣುಕು ಮುಗಿದ ತಕ್ಷಣ ಹಾಡುಗಾರರ ದನಿಯಲ್ಲೇ ಒಂದು ಹೆಸರು ಬಂದರೆ ಅದು ಬಹುಮಟ್ಟಿಗೆ ಗಿಟಾರಿನವರದು. ಬೇರೆ ದನಿ ಕೂಗಿದ್ದರೆ ಅದು ಹಾಡುಗಾರರ ಹೆಸರಿರಬಹುದು, ಕೋಣೆಯಲ್ಲಿ ಕೂತ ಇನ್ನೊಬ್ಬರದೂ ಇರಬಹುದು. ಬರೀ 'ಮನೋಲೊ' ಅಂತ ಕೇಳಿದರೆ ಸಂಭ್ರಮಿಸಬೇಡಿ, ಆಂಡಲೂಸಿಯಾದಲ್ಲಿ ಬೀದಿಗೊಬ್ಬ ಮನೋಲೊ.

ಒಂದೇ ರೆಕಾರ್ಡು ಎರಡು ಕಡೆ ಎರಡು ಶ್ರುತಿಯಲ್ಲಿದೆ. ಯಾವುದು ಸರಿ?

ಎರಡೂ ತಪ್ಪಿರಬಹುದು. '78' ಅನ್ನುವುದು ಹೆಸರಿಗೆ ಮಾತ್ರ, ಹಳೆಯ ಪ್ಲೇಟುಗಳನ್ನು ನಿಮಿಷಕ್ಕೆ ಎಪ್ಪತ್ತರ ಆಸುಪಾಸಿನಿಂದ ಎಂಬತ್ತರ ಮೇಲಿನವರೆಗೆ ಸುತ್ತುಗಳಂತೆ ಮನಸ್ಸಿಗೆ ಬಂದ ವೇಗದಲ್ಲಿ ಕೊರೆದಿದ್ದಾರೆ. 72ರಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಮೇಲೇರುತ್ತದೆ. ಹಾಡುಗಾರರ ಗಂಟಲು ಕಿರಿದಾಗುತ್ತದೆ, ಗಿಟಾರಿನವರು ಇದ್ದಕ್ಕಿಂತ ಚುರುಕಾಗಿ ಕೇಳುತ್ತಾರೆ. ಶೈಲಿ ನೋಡಿ ವಾದಕರನ್ನು ಗುರುತಿಸಲು ಹೊರಟವರು ಮೊದಲು ಇದನ್ನು ಸರಿ ಮಾಡಿಕೊಳ್ಳಬೇಕು.

ಗಿಟಾರ್ ನುಡಿಸುವವರಿಗೆ ಒಂದು ಪರೀಕ್ಷೆ ಇದೆ. ಫ್ಲಮೆಂಕೊದ ಪಕ್ಕವಾದ್ಯಕ್ಕೆ ಕೈಯ ಜಾಗಗಳು ಹೆಚ್ಚುಕಡಿಮೆ ನಿಗದಿ: 'ಪೋರ್ ಅರ್ರೀಬ' ಅಂದರೆ ಇ ಸ್ವರಗುಚ್ಛದ (ಕಾರ್ಡಿನ) ಆಕಾರ, 'ಪೋರ್ ಮೇದಿಯೊ' ಅಂದರೆ ಎ ಆಕಾರ, ಗ್ರನಾಯಿನ ಎಂಬ ಪ್ರಕಾರಕ್ಕೆ ಬಿ, ತರಾಂತ ಎಂಬುದಕ್ಕೆ ಎಫ್ ಶಾರ್ಪ್. ಹಾಡುಗಾರರ ಶ್ರುತಿಗೆ ಹೊಂದಿಸಲು ಕ್ಯಾಪೊ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ಹಿಡಿಯುವ ಪಟ್ಟಿ) ಹಾಕುತ್ತಾರೆ, ಕೈ ಬದಲಾಗುವುದಿಲ್ಲ. ತೆರೆದ ತಂತಿಗಳ ಗುಂಗು ಕೇಳಿ ಯಾವ ಆಕಾರ ಎಂದು ಹಿಡಿಯಿರಿ. ಎ ಆಕಾರದ ಸಿಗಿರಿಯಾ ಸಿ ಶ್ರುತಿಯಲ್ಲಿ ಕೇಳಿದರೆ ಕ್ಯಾಪೊ ಮೂರನೆಯ ಮನೆಯಲ್ಲಿದೆ, ಸಹಜ. ಅದೇ ಎಫ್ ಶಾರ್ಪ್‌ನಲ್ಲಿ ಕೇಳಿದರೆ ಕ್ಯಾಪೊ ಒಂಬತ್ತನೆಯ ಮನೆಯಲ್ಲಿರಬೇಕಾಗುತ್ತದೆ. ಗಂಡು ದನಿಗೆ ಅಷ್ಟು ಮೇಲೆ ಯಾರೂ ಹಾಕುವುದಿಲ್ಲ. ಪ್ಲೇಟನ್ನು ಅತಿ ವೇಗವಾಗಿ ಓಡಿಸಿದ್ದಾರೆ ಎಂದು ತಿಳಿಯಿರಿ.

ಪಾತೆ ಕಂಪನಿಯ ಹಳೆಯ ಪ್ಲೇಟುಗಳ ಕಥೆಯೇ ಬೇರೆ. ಅವುಗಳ ಗೆರೆ ಮೇಲೆ ಕೆಳಗೆ ಏರಿಳಿಯುತ್ತದೆ, ಅಕ್ಕಪಕ್ಕಕ್ಕಲ್ಲ. ಎಷ್ಟೋ ಪ್ಲೇಟು ಒಳಗಿನಿಂದ ಹೊರಕ್ಕೆ ಓಡುತ್ತವೆ, ವೇಗವೂ ಹೆಚ್ಚು. ಮಾಮೂಲಿ ಮುಳ್ಳು ಇಟ್ಟರೆ ಗೊರಗೊರ ಮಾತ್ರ.

ಗಿಟಾರಿನ 'ಕೈ' ಗುರುತಿಸುವುದು ಹೇಗೆ?

ಕರ್ನಾಟಕ ಸಂಗೀತ ಕೇಳುವವರು ಎರಡು ನಿಮಿಷದ ಪಿಟೀಲು ಕೇಳಿ ಇದು ಚೌಡಯ್ಯನವರದು ಅನ್ನುವ ಹಾಗೆಯೇ. ಸರಿಯಾಗಿ ಗೊತ್ತಿರುವ ಪ್ಲೇಟುಗಳನ್ನು ಮೊದಲು ಕಿವಿಗೆ ತುಂಬಿಕೊಳ್ಳಬೇಕು.

ರಮೋನ್ ಮೊಂತೋಯ (1879–1949) ಅವರಿಂದ ಶುರು ಮಾಡಿ. 1936ರಲ್ಲಿ ಪ್ಯಾರಿಸ್ಸಿನಲ್ಲಿ ಬೋಯಿತ್ ಅ ಮ್ಯೂಸಿಕ್ ಕಂಪನಿಗೆ ಅವರು ಒಬ್ಬರೇ ಕೂತು ನುಡಿಸಿದ್ದು ನಮ್ಮ ಪಾಲಿನ ಅಳತೆಗೋಲು. ಶಾಸ್ತ್ರೀಯ ಗಿಟಾರಿನವರನ್ನು ಕೇಳಿ ಕಲಿತ ಸ್ವಚ್ಛ ಆರ್ಪೆಜಿಯೊ (ಸ್ವರಗುಚ್ಛವನ್ನು ಒಂದೊಂದೇ ಸ್ವರವಾಗಿ ಬಿಡಿಸಿ ಮೀಟುವುದು), ಹೆಬ್ಬೆರಳಿನ ಹಿಂದೆ ನಾಲ್ಕು ಮೀಟು ಬರುವ ಟ್ರೆಮೊಲೊ, ಒರಟು ಎನ್ನುವುದೇ ಇಲ್ಲದ ನಾದ. ಅವರ ರೊಂದೇನ್ಯ (ಇನ್ನೊಂದು ಪ್ರಕಾರ) ಕೇಳಿ: ಆರನೆಯ ತಂತಿ ಡಿಗೆ, ಮೂರನೆಯದು ಎಫ್ ಶಾರ್ಪ್‌ಗೆ ಇಳಿದಿರುವುದರಿಂದ ಅದರ ಗುಂಗೇ ಬೇರೆ.

ಮೆಲ್ಚೋರ್ ದೆ ಮಾರ್ಚೆನ (1907–1980) ಇದಕ್ಕೆ ತದ್ವಿರುದ್ಧ. ಚಿಕ್ಕ ತುಣುಕು, ಹೆಬ್ಬೆರಳಿನ ಪೆಟ್ಟು, ಆಮೇಲೆ ಮೌನ. ಹಾಡುಗಾರರು ಉಸಿರು ತೆಗೆದುಕೊಳ್ಳುವಷ್ಟು ಜಾಗದಲ್ಲಿ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುತ್ತಾರೆ. ನನಗೆ ಸಿಗಿರಿಯಾದ ಪಕ್ಕವಾದ್ಯ ಅಂದರೆ ಇವರೇ, ಇದರಲ್ಲಿ ಪಕ್ಷಪಾತ ಇದ್ದರೆ ಇರಲಿ. ಸೆವಿಯಾದ ನಿನ್ಯೊ ರಿಕಾರ್ದೊ (1904–1972) ತುಂಬು ಕೈಯವರು: ಒಂದರ ಮೇಲೊಂದು ನುಗ್ಗುವ ಸ್ವರ, ತಂತಿ ಸ್ವಲ್ಪ ಗೊಗ್ಗರಾದರೂ ಲೆಕ್ಕಿಸದ ಆವೇಶ. ಗಿಟಾರ್ ವಾದಕ ಪಾಕೊ ದೆ ಲುಸೀಯ ಅವರ ತಲೆಮಾರಿಗೆ ಬಾಲ್ಯದಲ್ಲಿ ಆದರ್ಶ ಇವರು. ಪೆರೀಕೊ ಎಲ್ ದೆಲ್ ಲುನಾರ್ ಮಿತಭಾಷಿ, ಹಳೆಯ ಹೆರೇಸ್ ಪಾಠದವರು.

ಹವಿಯೆರ್ ಮೊಲೀನ ಅವರಂಥವರ ಕೈಗೆ ಮಾತ್ರ ಒಂಟಿ ವಾದನದ ಅಳತೆಗೋಲು ಇಲ್ಲ, ಹಾಡಿನ ಜೊತೆ ನುಡಿಸಿದ್ದನ್ನೇ ಹೋಲಿಸಬೇಕು. ಇನ್ನು ಮನೋಲೊ ದೆ ವೆಲ್ವ. ಬೇರೆ ಗಿಟಾರಿನವರು ಎದುರಿಗೆ ಕೂತಿದ್ದರೆ ತಮ್ಮ ಒಳ್ಳೆಯ ತುಣುಕುಗಳನ್ನು ನುಡಿಸುತ್ತಲೇ ಇರಲಿಲ್ಲ ಎಂದು ಹೇಳುತ್ತಾರೆ. ಮುದ್ರಿಸಿದ್ದೂ ಕಡಿಮೆ. ಕೂತು ಕೇಳುವುದಾದರೆ ಹಾಡು ಬಿಟ್ಟು, ಹಾಡಿನ ಸಾಲು ಮುಗಿದ ಜಾಗಗಳನ್ನು ಮಾತ್ರ ಮತ್ತೆ ಮತ್ತೆ ಕೇಳಿ. ಸಾಲಿನ ಕೊನೆಗೆ ತಾಳವನ್ನು ಹೇಗೆ ಕಟ್ಟಿ ನಿಲ್ಲಿಸುತ್ತಾರೆ ಎಂಬುದರಲ್ಲೇ ಹೆಚ್ಚು ಗುರುತು ಸಿಗುವುದು.

ಒಂದೇ ಹೆಸರಿನವರು ಹಲವರು ಇದ್ದಾರಲ್ಲ, ಗೊಂದಲ ಆಗುವುದಿಲ್ಲವೇ?

ಆಗುತ್ತದೆ, ಚೆನ್ನಾಗಿಯೇ ಆಗುತ್ತದೆ. ಅಡ್ಡಹೆಸರುಗಳ ಲೋಕ ಇದು. 1909ರ ಪ್ಲೇಟಿನ 'ಆಬಿಚುವೇಲ' ಕಾದಿಸ್ ಕಡೆಯ ಹುವಾನ್ ಗಾಂದುಯ್ಯಾ. ಗ್ರನಾಡಾದ ಆಬಿಚುವೇಲ ಮನೆತನದ ಹುವಾನ್ ಹುಟ್ಟಿದ್ದೇ 1933ರಲ್ಲಿ. 'ನಿನ್ಯೊ ದೆ ಮಾರ್ಚೆನ' ಅಂದರೆ ಹಾಡುಗಾರ ಪೆಪೆ ಮಾರ್ಚೆನ, ಅದೇ ಊರಿನ ಗಿಟಾರಿನ ಮೆಲ್ಚೋರ್ ಅಲ್ಲ. ಪೆರೀಕೊ ಎಲ್ ದೆಲ್ ಲುನಾರ್ ಅಪ್ಪನೂ ಉಂಟು ಮಗನೂ ಉಂಟು. ಮನೋಲೊ ದೆ ಬದಹೋಸ್ ಮತ್ತು ಪೆಪೆ ದೆ ಬದಹೋಸ್ ಅಣ್ಣತಮ್ಮಂದಿರು, ಇಬ್ಬರೂ ಗಿಟಾರಿನವರೇ, ಲೇಬಲ್ಲಿನಲ್ಲಿ 'ಬದಹೋಸ್' ಅಂತಷ್ಟೇ ಇದ್ದರೆ ದೇವರೇ ಗತಿ.

ಮರುಮುದ್ರಣದ ಸಿಡಿಗಳಲ್ಲಿ ಹೆಸರು ಕೊಟ್ಟಿರುತ್ತಾರೆ. ನಂಬಬಹುದೇ?

ಯಾರು ಮಾಡಿದ ಸಿಡಿ ಎಂಬುದರ ಮೇಲಿದೆ. ಮ್ಯಾಟ್ರಿಕ್ಸ್ ಸಂಖ್ಯೆ, ದಿನಾಂಕ ಕೊಟ್ಟಿದ್ದರೆ ಗಂಭೀರವಾಗಿ ತೆಗೆದುಕೊಳ್ಳಿ. ಬರೀ 'ಗಿಟಾರ್: ರಮೋನ್ ಮೊಂತೋಯ' ಎಂದು ಇಡೀ ಸಿಡಿಗೆ ಒಂದೇ ಸಾಲು ಇದ್ದರೆ ಗುಮಾನಿಯಿಂದ ನೋಡಿ. ಮೊಂತೋಯ ಲೆಕ್ಕವಿಲ್ಲದಷ್ಟು ಮುದ್ರಿಸಿದವರು, ಅದಕ್ಕೇ ಹೆಸರು ಗೊತ್ತಿಲ್ಲದ ಗಿಟಾರನ್ನೆಲ್ಲ ಅವರ ತಲೆಗೆ ಕಟ್ಟುವ ಚಟ ಇದೆ.

ಒಳ್ಳೆಯ ಮಾದರಿ ಬೇಕೆಂದರೆ ನಿನ್ಯಾ ದೆ ಲೊಸ್ ಪೆಯ್ನೆಸ್ ಅಂದರೆ ಪಾಸ್ತೋರ ಪಾವೋನ್ (1890–1969) ಅವರ ಸಮಗ್ರ ಸಂಗ್ರಹ ನೋಡಿ. 1990ರ ದಶಕದಲ್ಲಿ ಆಂಡಲೂಸಿಯಾ ಸರ್ಕಾರ ಅವರ ಧ್ವನಿಯನ್ನೇ ಸಾಂಸ್ಕೃತಿಕ ಆಸ್ತಿ ಎಂದು ಘೋಷಿಸಿತು, ಆಮೇಲೆ 258 ಹಾಡುಗಳನ್ನು ಒಟ್ಟುಗೂಡಿಸಿ 13 ಸಿಡಿಗಳಲ್ಲಿ ಹೊರತಂದರು. 1910ರಲ್ಲಿ ಮೊಂತೋಯ ಜೊತೆ ಶುರುವಾಗಿ 1950ರಲ್ಲಿ ಮೆಲ್ಚೋರ್ ಜೊತೆ ಮುಗಿಯುವ ದಾರಿ ಅದು. ನಡುವೆ ಲುಯೀಸ್ ಮೊಲೀನ, ಕುರ್ರೀತೊ ಎಲ್ ದೆ ಲ ಹೆರೋಮ, ನಿನ್ಯೊ ರಿಕಾರ್ದೊ, ಮನೋಲೊ ದೆ ಬದಹೋಸ್, ಆಂತೋನಿಯೊ ಮೊರೇನೊ ಬಂದು ಹೋಗುತ್ತಾರೆ. ಹಾಡುಗಾರ್ತಿ ಒಬ್ಬರೇ ಇದ್ದು ಗಿಟಾರ್ ಮಾತ್ರ ಬದಲಾಗುವುದರಿಂದ ಕೈ ಗುರುತಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ದುಡ್ಡು ಕೊಡದೆ ಎಲ್ಲಿ ಕೇಳಬಹುದು?

ಸ್ಪೇನಿನ ರಾಷ್ಟ್ರೀಯ ಗ್ರಂಥಾಲಯದ ಡಿಜಿಟಲ್ ವಿಭಾಗ, ಬಿಬ್ಲಿಯೊತೇಕ ದಿಹಿತಾಲ್ ಇಸ್ಪಾನಿಕ, ಹಳೆಯ ಪ್ಲೇಟುಗಳನ್ನು ಲೇಬಲ್ಲಿನ ಚಿತ್ರದ ಸಮೇತ ಇಟ್ಟಿದೆ. ಕುಳಿತಲ್ಲೇ ಲೇಬಲ್ಲು ಓದಬಹುದಾದ್ದರಿಂದ ನನ್ನ ಮೊದಲ ನಿಲ್ದಾಣ ಅದೇ. ಸ್ಪೇನಿನವರು ಹಳೆಯ ಪ್ಲೇಟಿಗೆ 'ಪಿಸಾರ್ರ' ಅನ್ನುತ್ತಾರೆ, ಹುಡುಕುವಾಗ ಆ ಪದ ಸೇರಿಸಿ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂಟಾ ಬಾರ್ಬರಾ ಗ್ರಂಥಾಲಯ ನಡೆಸುವ ಅಮೆರಿಕನ್ ಐತಿಹಾಸಿಕ ಧ್ವನಿಮುದ್ರಣಗಳ ಡಿಸ್ಕೋಗ್ರಫಿಯಲ್ಲಿ (ವಿವರವಾದ ಪಟ್ಟಿಯಲ್ಲಿ) ಮ್ಯಾಟ್ರಿಕ್ಸ್ ಸಂಖ್ಯೆಯಿಂದಲೇ ಹುಡುಕಬಹುದು. ಸ್ಪೇನಿನ ಮುದ್ರಣಗಳನ್ನು ವಿಕ್ಟರ್, ಕೊಲಂಬಿಯಾ ಕಂಪನಿಗಳು ಅಮೆರಿಕದ ಸ್ಪ್ಯಾನಿಷ್ ಕೇಳುಗರಿಗೂ ಮಾರುತ್ತಿದ್ದವು, ಅಲ್ಲಿನ ದಾಖಲೆ ಅಚ್ಚುಕಟ್ಟು. ಇಂಟರ್‌ನೆಟ್ ಆರ್ಕೈವ್‌ನಲ್ಲೂ ರಾಶಿ ಇದೆ, ಆದರೆ ಹೆಸರುಗಳನ್ನು ಹೇಗೆ ಹೇಗೋ ಬರೆದಿರುತ್ತಾರೆ. ಹೆರೇಸ್‌ನ ಆಂಡಲೂಸಿಯಾ ಫ್ಲಮೆಂಕೊ ದಾಖಲಾತಿ ಕೇಂದ್ರಕ್ಕೆ ಪ್ರಶ್ನೆ ಕಳಿಸುವುದಾದರೆ ಪ್ಲೇಟಿನ ವಿವರ ಪೂರ್ತಿ ಬರೆದು, ಒಂದೇ ಪ್ರಶ್ನೆ ಕೇಳಿ.

ಕಂಪನಿಗಳ ಹೊರಗೆ ಮುದ್ರಣವಾದದ್ದೂ ಇದೆ. ಅಮೆರಿಕದ ಜಾನಪದ ಸಂಗ್ರಾಹಕ ಆಲನ್ ಲೋಮ್ಯಾಕ್ಸ್ 1952–53ರಲ್ಲಿ ಸ್ಪೇನ್ ತಿರುಗಿ ಮಾಡಿದ ಮುದ್ರಣಗಳು ಜಾಲದಲ್ಲಿ ಪುಕ್ಕಟೆ. ಸ್ಪೇನಿನ ಟಿವಿ 1971ರಿಂದ 1973ರವರೆಗೆ ತೋರಿಸಿದ 'ರೀತೊ ಇ ಹಿಯೊಗ್ರಾಫಿಯ ದೆಲ್ ಕಾಂತೆ' ಸರಣಿಯಲ್ಲಿ ಗಿಟಾರಿನವರ ಮುಖವೂ ಬೆರಳೂ ಕಾಣುತ್ತವೆ. ಕಿವಿಯಿಂದ ಹಿಡಿದ ಗುರುತನ್ನು ಕಣ್ಣಿನಿಂದ ಒರೆಗೆ ಹಚ್ಚಲು ಇದು ಬೇಕೇ ಬೇಕು.

ದಿಯೇಗೊ ದೆಲ್ ಗಾಸ್ತೋರ್ ರೆಕಾರ್ಡು ಎಲ್ಲಿ ಸಿಗುತ್ತದೆ?

ಅಂಗಡಿಯಲ್ಲಿ ಕೇಳಿದರೆ ಹೆಚ್ಚೇನೂ ಸಿಗದು. ಮೊರೋನ್ ದೆ ಲ ಫ್ರೊಂತೇರ ಊರಿನ ಗಿಟಾರ್ ವಾದಕ ದಿಯೇಗೊ (1908–1973) ಕಂಪನಿಗಳ ಗೊಡವೆಗೆ ಹೋದವರಲ್ಲ. 1960ರ ದಶಕದಲ್ಲಿ ಅವರನ್ನು ಹುಡುಕಿಕೊಂಡು ಬಂದ ಅಮೆರಿಕನ್ ಯುವಕರು ರಾತ್ರಿಯ ಕೂಟಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿದ್ದೇ ಹೆಚ್ಚು. ಆ ಟೇಪುಗಳು ಕೈಯಿಂದ ಕೈಗೆ ಪ್ರತಿಯಾಗಿ ಹರಡಿವೆ. ಪ್ರತಿಯಾದಂತೆಲ್ಲ ದಿನಾಂಕ ಕಳೆದುಹೋಗಿದೆ, ಒಂದು ರಾತ್ರಿಯ ಹಾಡಿಗೆ ಇನ್ನೊಂದು ರಾತ್ರಿಯದು ಅಂಟಿಕೊಂಡಿದೆ. ಅವರ ಸೋದರಳಿಯಂದಿರು ಅವರದೇ ತುಣುಕುಗಳನ್ನು ನುಡಿಸುವವರು, ಹಾಗಾಗಿ 'ದಿಯೇಗೊ' ಅಂತ ಬರೆದದ್ದೆಲ್ಲ ದಿಯೇಗೊ ಅಲ್ಲ. ಇಂಥ ಟೇಪು ನಿಮ್ಮ ಕೈಗೆ ಬಂದರೆ ಡಬ್ಬಿಯ ಮೇಲಿನ ಕೈಬರಹವನ್ನೂ ಫೋಟೊ ತೆಗೆದಿಡಿ, ಎಷ್ಟೋ ಸಲ ಉಳಿದಿರುವ ದಾಖಲೆ ಅದೊಂದೇ.

ಎಲ್‌ಪಿ, ಇಪಿ ಕಾಲದಲ್ಲಿ ಈ ತೊಂದರೆ ಇಲ್ಲ ತಾನೇ?

ಕಡಿಮೆ. ಹೊದಿಕೆಯ ರಟ್ಟಿನ ಹಿಂಬದಿಯಲ್ಲಿ ಹೆಸರು ಇರುತ್ತದೆ. ಎರಡು ಗಿಟಾರ್ ಇದ್ದಾಗ ಯಾವ ಹಾಡಿಗೆ ಯಾರು ಎಂಬುದೇ ತಲೆನೋವು: 1966ರ, ಹಾಡುಗಾರ ಆಂತೋನಿಯೊ ಮೈರೇನ ಅವರ ಮೂರು ಎಲ್‌ಪಿಗಳ ಸಂಪುಟದಲ್ಲಿ ಮೆಲ್ಚೋರ್ ಮತ್ತು ನಿನ್ಯೊ ರಿಕಾರ್ದೊ ಇಬ್ಬರೂ ಇದ್ದಾರೆ. ಮೇಲೆ ಹೇಳಿದ ಎರಡು ಕೈಗಳ ವ್ಯತ್ಯಾಸ ಕಿವಿಗೆ ಹತ್ತಿದೆಯೇ ಎಂದು ಪರೀಕ್ಷಿಸಿಕೊಳ್ಳಲು ತಕ್ಕ ಜಾಗ.

ವರ್ಷ ಬೇಕಾದರೆ ರಟ್ಟಿನ ಅಂಚಿನಲ್ಲಿ 'ದೆಪೋಸಿತೊ ಲೆಗಾಲ್' (ಪ್ರಕಟಣೆಯನ್ನು ಸರ್ಕಾರದಲ್ಲಿ ದಾಖಲಿಸಿದ) ಸಂಖ್ಯೆ ಹುಡುಕಿ. 1950ರ ದಶಕದ ಕೊನೆಯಿಂದ ಸ್ಪೇನಿನಲ್ಲಿ ಅದು ಕಡ್ಡಾಯ. ಮೊದಲ ಅಕ್ಷರ ಪ್ರಾಂತ್ಯ (ಎಂ ಅಂದರೆ ಮ್ಯಾಡ್ರಿಡ್, ಬಿ ಅಂದರೆ ಬಾರ್ಸಿಲೋನಾ), ಕೊನೆಯದು ವರ್ಷ. ಆದರೆ ಅದು ರಟ್ಟು ಅಚ್ಚಾದ ವರ್ಷ, ಒಳಗಿನ ಹಾಡು ಹಳೆಯದಿರಬಹುದು. ಹಿಸ್ಪಾವೋಕ್ಸ್ ಕಂಪನಿ 1958ರಲ್ಲಿ ಸ್ಪೇನಿನಲ್ಲಿ ಹೊರತಂದ ಹೆಸರಾಂತ ಆಂಥಾಲಜಿ (ಹಾಡುಗಳ ಸಂಕಲನ), ಪೆರೀಕೊ ಎಲ್ ದೆಲ್ ಲುನಾರ್ ಗಿಟಾರ್ ಹಿಡಿದು ಮುನ್ನಡೆಸಿದ್ದು, ಫ್ರಾನ್ಸಿನಲ್ಲಿ 1954ರಲ್ಲೇ ಬಂದಿತ್ತು.

ಮೊಬೈಲಿನ ಆ್ಯಪ್‌ಗೆ ಕೇಳಿಸಿದರೆ ಹೆಸರು ಹೇಳುವುದಿಲ್ಲವೇ?

ಶಝಾಮ್‌ನಂಥವು ಅದೇ ಮುದ್ರಣ ತಮ್ಮ ಸಂಗ್ರಹದಲ್ಲಿದ್ದರೆ ಮಾತ್ರ ಹಿಡಿಯುತ್ತವೆ, ವೇಗ ಬೇರೆಯಾಗಿದ್ದರೆ ಮುಗ್ಗರಿಸುತ್ತವೆ. ಹೇಳುವುದೂ ಯಾವುದೋ ಅಗ್ಗದ ಸಂಕಲನದ ಹೆಸರನ್ನೇ. ಹಾಡು ಗುರುತಿಸಲು ಪರವಾಗಿಲ್ಲ, ಗಿಟಾರಿಗೆ ಪ್ರಯೋಜನವಿಲ್ಲ.

ಸ್ಪ್ಯಾನಿಷ್ ಬರಬೇಕೇ?

ಲೇಬಲ್ಲು ಓದಲು ಇಪ್ಪತ್ತು ಪದ ಸಾಕು. ಹಾಡಿನ ಮೊದಲ ಸಾಲು ಹಿಡಿಯುವುದು ಕಷ್ಟ, ಆಂಡಲೂಸಿಯಾದವರು ಪದದ ಕೊನೆಯ ಅಕ್ಷರಗಳನ್ನು ನುಂಗುತ್ತಾರೆ. ಸ್ಪೇನಿನವರಿಗೇ ಅರ್ಥವಾಗದ ಸಾಲುಗಳಿವೆ, ನಾಚಿಕೆ ಬೇಡ, ಕೇಳಿ.

ಪ್ಲೇಟು ಕೊಂಡು ತರಿಸಲೇ?

ಅರಗಿನ ಪ್ಲೇಟು ಗಾಜಿನಷ್ಟೇ ಸೂಕ್ಷ್ಮ. ಬಾರ್ಸಿಲೋನಾದಿಂದ ಬೆಂಗಳೂರಿಗೆ ಬರುವಷ್ಟರಲ್ಲಿ ಎರಡು ಹೋಳಾದರೆ ದೂರು ಕೊಟ್ಟು ಫಲವಿಲ್ಲ. ಮೇಲೆ ಕಸ್ಟಮ್ಸ್ ಸುಂಕ. ಕೇಳುವುದಷ್ಟೇ ಉದ್ದೇಶವಾದರೆ ಬೇಡ. ಬೇರೆಲ್ಲೂ ಇಲ್ಲದ ಪ್ಲೇಟು ಅಂತ ಖಚಿತವಾದರೆ ಮಾತ್ರ ತರಿಸಿ, ಎರಡು ದಪ್ಪ ರಟ್ಟಿನ ನಡುವೆ ಕಟ್ಟಿ, ಸುತ್ತ ನಾಲ್ಕು ಬೆರಳು ಮೆತ್ತೆ ಬಿಡುವಂತೆ ಬರೆದು ಕೇಳಿ.

ಡಿಜಿಟಲ್ ಮಾಡಿ ಜಾಲಕ್ಕೆ ಏರಿಸಬಹುದೇ?

ದೇಶ ನೋಡಿಕೊಂಡು. ಭಾರತದ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. ಸ್ಪೇನಿನಲ್ಲಿ 1963ಕ್ಕಿಂತ ಮುಂಚೆ ಪ್ರಕಟವಾದ ಮುದ್ರಣಗಳ ಅವಧಿ ಮುಗಿದಿದೆ, ನಂತರದವಕ್ಕೆ 70 ವರ್ಷ. ಅಮೆರಿಕದಲ್ಲಿ 1923ಕ್ಕಿಂತ ಹಿಂದಿನವು 2022ರಿಂದ ಮುಕ್ತ, 1923ರಿಂದ 1946ರವರೆಗಿನವಕ್ಕೆ 100 ವರ್ಷ. ಹಾಡಿನ ಸಾಹಿತ್ಯ, ಸಂಗೀತಕ್ಕೆ ಕರ್ತೃ ಇದ್ದರೆ ಅದು ಬೇರೆ ಹಕ್ಕು.

ಏರಿಸುವುದಾದರೆ ಮೊದಲಿನ ಘೋಷಣೆ ಕತ್ತರಿಸಬೇಡಿ, ಗದ್ದಲ ತೆಗೆಯದ ಪ್ರತಿಯನ್ನೂ ಇಡಿ, ಎರಡೂ ಮಗ್ಗುಲಿನ ಲೇಬಲ್ಲಿನ ಚಿತ್ರ ಹಾಕಿ, ಮ್ಯಾಟ್ರಿಕ್ಸ್ ಸಂಖ್ಯೆ ಮತ್ತು ನೀವು ತಿರುಗಿಸಿದ ವೇಗ ಬರೆಯಿರಿ.

ಎಲ್ಲ ಮಾಡಿದರೂ ಹೆಸರು ಸಿಗಲಿಲ್ಲ. ಏನೆಂದು ಬರೆಯಲಿ?

'ಗಿಟಾರ್: ಗುರುತಾಗಿಲ್ಲ' ಎಂದೇ ಬರೆಯಿರಿ. ಊಹೆ ಇದ್ದರೆ ಆಧಾರದ ಸಮೇತ ಪಕ್ಕದಲ್ಲಿ ಹಾಕಿ: 'ಶೈಲಿಯಿಂದ ಹವಿಯೆರ್ ಮೊಲೀನ ಇರಬಹುದು', 'ಪಕ್ಕದ ಮ್ಯಾಟ್ರಿಕ್ಸ್‌ನ ಪ್ಲೇಟಿನಲ್ಲಿ ಲುಯೀಸ್ ಮೊಲೀನ ಹೆಸರಿದೆ' ಎಂಬ ಹಾಗೆ. 'ಇರಬಹುದು' ಅನ್ನುವುದನ್ನು ಮುಂದಿನವರು ಬಿಟ್ಟು ನಕಲು ಮಾಡುತ್ತಾರೆ, ಅದು ಗೊತ್ತಿದ್ದೇ ಬರೆಯಬೇಕು. ಹಾಗಾಗಿ ಆ ಪದವನ್ನು ಹೆಸರಿಗಿಂತ ಮೊದಲು ಹಾಕುವುದು ಒಳ್ಳೆಯದು, ಕತ್ತರಿಸಿ ಅಂಟಿಸುವವರು ಸಾಲಿನ ಶುರುವಿನಿಂದಲೇ ಎತ್ತಿಕೊಳ್ಳುತ್ತಾರೆ.